ಕಷಾಯ, ಪ್ರಾಣಾಯಾಮ ಎಲ್ಲ ಮಾಡಿದರೂ ಬಿ.ಪಿ. ಇಳಿಯುತ್ತಿಲ್ಲ. ಮಾತ್ರೆ ಬಿಟ್ಟುಬಿಡಲೇ?

ಪ್ರಶ್ನೆ: ನಾನು ಶಿರಸಿ ಕಡೆಯವಳು, ವಯಸ್ಸು 49. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮೂರು ವರ್ಷದಿಂದ ಬಿ.ಪಿ. ಇದೆ. ಆಮ್ಲೋಡಿಪಿನ್ ಮತ್ತು ಅಟೆನೊಲಾಲ್ ಸೇರಿದ ಮಾತ್ರೆ ದಿನಕ್ಕೊಂದು ತೆಗೆದುಕೊಳ್ಳುತ್ತೇನೆ. ಮೊದಲು 130ರ ಆಸುಪಾಸಿನಲ್ಲೇ ಇರುತ್ತಿತ್ತು. ಕಳೆದ ವರ್ಷ ಅಮ್ಮ ತೀರಿಕೊಂಡಳು. ಆಮೇಲೆ ನಿದ್ದೆ ಕೆಟ್ಟಿತು, ಯಾವುದರಲ್ಲೂ ಮನಸ್ಸಿಲ್ಲ. ಸಹಜ ದಾರಿಯಲ್ಲೇ ಸರಿಮಾಡಿಕೊಳ್ಳೋಣ ಅಂತ ಆನ್‌ಲೈನ್ ಕ್ಲಾಸಿಗೆ ಸೇರಿ ಆರು ತಿಂಗಳಿಂದ ಬೆಳಿಗ್ಗೆ 15 ನಿಮಿಷ ಕಪಾಲಭಾತಿ ಮಾಡುತ್ತಿದ್ದೇನೆ. ಕಾಫಿ ಬಿಟ್ಟು ದಿನಕ್ಕೆ ಮೂರು ಲೋಟ ಕಷಾಯ ಕುಡಿಯುತ್ತೇನೆ. ಪಾಠ ಮಾಡಿ ಗಂಟಲು ಕಟ್ಟುತ್ತದೆಂದು ಅದಕ್ಕೆ ಜೇಷ್ಠಮಧು ಜಾಸ್ತಿ ಹಾಕಿಸಿದ್ದೇನೆ, ತರಗತಿಯಲ್ಲೂ ಅದರ ತುಂಡು ಬಾಯಲ್ಲಿರುತ್ತದೆ. ರಾತ್ರಿ ನಿದ್ದೆಗೆ ಅಶ್ವಗಂಧ. ಇಷ್ಟಾದರೂ ಈಗ ಬಿ.ಪಿ. 150/95 ಬರುತ್ತಿದೆ. ಸುಸ್ತು ಬೇರೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ. ನಮ್ಮ ಕ್ಲಾಸಿನ ಗುರುಗಳು ಮಾತ್ರೆಯೇ ವಿಷ, ಬಿಡಿ ಅಂದರು. ನಾಲ್ಕು ದಿನ ಬಿಟ್ಟೆ. ಎದೆ ಡವಡವ ಅಂದು ತಲೆನೋವು ಬಂತು, ಹೆದರಿ ಮತ್ತೆ ಶುರುಮಾಡಿದೆ. ಹತ್ತು ದಿನದ ಮೌನ ಧ್ಯಾನ ಶಿಬಿರಕ್ಕೆ ಹೋಗಿ ಬಂದರೆ ಮಾತ್ರೆ ಬಿಡಬಹುದೇ? ಮೊದಲೆಲ್ಲ ಅಮ್ಮ ನಾನು ದಿನಾ ಸಂಜೆ ದೀಪ ಹಚ್ಚಿ ಭಜನೆ ಹೇಳುತ್ತಿದ್ದೆವು. ಈಗ ಅದೂ ನಿಂತಿದೆ. (ಹೆಸರು ಬೇಡ)

ಉತ್ತರ: ನಿಮ್ಮ ಸೀಮೆಯಲ್ಲಿ ಮಕ್ಕಳು ಶಿಕ್ಷಕಿಯರನ್ನು ಅಕ್ಕೋರು ಅಂತ ಕರೆಯುತ್ತಾರಲ್ವಾ, ನಾನೂ ಹಾಗೇ ಕರೆಯುತ್ತೇನೆ. ಅಕ್ಕೋರೇ, ಮಾತ್ರೆ ಬಿಡಬೇಡಿ. ಬಿಡಬೇಕಾದ್ದು ಬೇರೆ ಇದೆ. ಅದನ್ನು ನೀವೇ ಕಾಗದದಲ್ಲಿ ಬರೆದಿದ್ದೀರಿ, ನಿಮಗೆ ಗೊತ್ತಾಗಿಲ್ಲ ಅಷ್ಟೇ.

ಜೇಷ್ಠಮಧು.

ಕಷಾಯದ ಮೇಲೆ ನನಗೆ ದ್ವೇಷವಿಲ್ಲ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹಾಕಿದ ಕಷಾಯ ನಮ್ಮ ಮನೆಯಲ್ಲೂ ದಿನಾ ಕುದಿಯುತ್ತದೆ. ಜೇಷ್ಠಮಧುವೂ ಕೆಟ್ಟದ್ದಲ್ಲ. ಗಂಟಲು ಕಟ್ಟಿದಾಗ ಎರಡು ದಿನ ಅಗಿದರೆ ಹಿತ, ಹಾಡುವವರು ಯಾವಾಗಲೂ ಜೇಬಲ್ಲಿ ಇಟ್ಟುಕೊಂಡಿರುತ್ತಾರೆ. ಆದರೆ ಬಿ.ಪಿ. ಇರುವವರು ಆರು ತಿಂಗಳು ಬಿಡದೆ, ದಿನಕ್ಕೆ ಮೂರು ಲೋಟ, ಮೇಲಿಂದ ಬಾಯಲ್ಲೊಂದು ತುಂಡು ಅಂದರೆ ಲೆಕ್ಕ ಬೇರೆ.

ಅದು ಹೇಗೆ ಅಂತ ಹೇಳುತ್ತೇನೆ. ನಮ್ಮ ಮೈಯಲ್ಲಿ ಕಾರ್ಟಿಸಾಲ್ ಅನ್ನುವ ಹಾರ್ಮೋನು ಯಾವಾಗಲೂ ಹರಿದಾಡುತ್ತಿರುತ್ತದೆ. ಅದು ಕಿಡ್ನಿಯ ಒಳಗೆ ಹೋಗಿ 'ಉಪ್ಪು ಹಿಡಿದಿಟ್ಟುಕೋ' ಅಂತ ಅಪ್ಪಣೆ ಕೊಡದ ಹಾಗೆ ಬಾಗಿಲಲ್ಲೇ ತಡೆಯಲು ಒಂದು ಕಿಣ್ವ ಇದೆ. ಜೇಷ್ಠಮಧುವಿಗೆ ಆ ಸಿಹಿ ಕೊಡುವ ಗ್ಲಿಸಿರೈಜಿನ್ ಇದೆಯಲ್ಲ, ಅದು ಈ ಕಾವಲಿನ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಆಗ ಕಿಡ್ನಿ ಉಪ್ಪು, ನೀರು ಎರಡನ್ನೂ ಒಳಗೆ ಹಿಡಿದುಕೊಳ್ಳುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಬಿ.ಪಿ. ಏರುತ್ತದೆ. ಪೊಟ್ಯಾಸಿಯಂ ಕಮ್ಮಿಯಾದರೆ ಸುಸ್ತು, ಸ್ನಾಯು ಸೆಳೆತ. ನಿಮ್ಮ ಮೀನಖಂಡ ನೆನಪಾಯಿತಾ? ತೀರಾ ಕಮ್ಮಿಯಾದರೆ ಎದೆಬಡಿತದ ತಾಳವೇ ತಪ್ಪಬಹುದು, ಅದಕ್ಕೇ ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ. 2024ರಲ್ಲಿ ಸ್ವೀಡನ್ನಿನವರು ಆರೋಗ್ಯವಾಗಿದ್ದ ಯುವಕ ಯುವತಿಯರಿಗೆ ಎರಡು ವಾರ ಜೇಷ್ಠಮಧುವಿನ ಮಿಠಾಯಿ ತಿನ್ನಿಸಿ ನೋಡಿದರು. ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಸಾಕಾಯಿತು, ಬಿ.ಪಿ. ಏರಿತ್ತು. ಅಷ್ಟು ಪ್ರಮಾಣ ನಿಮ್ಮ ಮೂರು ಲೋಟದಲ್ಲಿ ಸುಲಭವಾಗಿ ಸೇರಿಹೋಗಬಹುದು.

ಹಾಗಾಗಿ ಇವತ್ತೇ ನಿಲ್ಲಿಸಿ. ಕಷಾಯ ಬೇಕಾದರೆ ಇರಲಿ, ಜೇಷ್ಠಮಧು ಇಲ್ಲದ ಪುಡಿ ಬೇರೆ ಮಾಡಿಸಿಕೊಳ್ಳಿ. ಗಂಟಲಿಗೆ ಬಿಸಿ ನೀರು ಗುಟುಕರಿಸಿ, ಕಲ್ಲುಸಕ್ಕರೆಯ ಒಂದು ಹರಳು ಸಾಕು. ನಾಳೆ ನಾಡಿದ್ದರೊಳಗೆ ನಿಮ್ಮ ವೈದ್ಯರ ಹತ್ತಿರ ಹೋಗಿ, ಸೋಡಿಯಂ-ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿ. 'ಆರು ತಿಂಗಳಿಂದ ಜೇಷ್ಠಮಧು ತೆಗೆದುಕೊಳ್ಳುತ್ತಿದ್ದೆ' ಅಂತ ಬಾಯಿಬಿಟ್ಟು ಹೇಳಿ. ನೀವು ಹೇಳದೆ ಅವರು ಕೇಳುವುದಿಲ್ಲ. ಕಷಾಯವನ್ನು ಯಾರೂ ಔಷಧಿ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ, ನಮ್ಮಲ್ಲಿ ಅದೇ ತೊಂದರೆ. ಇದರ ಪರಿಣಾಮ ಮೈಯಿಂದ ಇಳಿಯಲು ಕೆಲವು ವಾರ ಬೇಕು. ನಾಲ್ಕೇ ದಿನಕ್ಕೆ ಇಳಿಯಲಿಲ್ಲ ಅಂತ ಕೈಬಿಡಬೇಡಿ.

ಬಿ.ಪಿ. ಏರಲು ಇದೊಂದೇ ಕಾರಣ ಅಂತ ಪರೀಕ್ಷೆ ಮಾಡದೆ ಹೇಳಲಾರೆ. ನಿದ್ದೆ ಇಲ್ಲ, ದುಃಖ ಇದೆ, ಮುಟ್ಟು ನಿಲ್ಲುವ ವಯಸ್ಸು. ಎಲ್ಲವೂ ಸೇರಿರಬಹುದು. ಆದರೂ ನಿಮ್ಮ ಕಾಗದ ಓದಿದ ಯಾರಿಗಾದರೂ ಮೊದಲು ಕಣ್ಣಿಗೆ ಬೀಳಬೇಕಾದ್ದು ಅದೇ.

ಈಗ ಮಾತ್ರೆಯ ವಿಷಯ. ನಾಲ್ಕು ದಿನ ಬಿಟ್ಟಾಗ ಎದೆ ಡವಡವ ಅಂದಿತಲ್ಲ, ಅದು ವಿಷ ಹೊರಗೆ ಹೋಗುತ್ತಿದ್ದ ಲಕ್ಷಣ ಅಂತ ಯಾರಾದರೂ ಹೇಳಿದ್ದರೆ ನಂಬಬೇಡಿ. ಅಟೆನೊಲಾಲ್ ಎದೆಬಡಿತಕ್ಕೆ ಹಾಕಿದ ಕಡಿವಾಣದ ಹಾಗೆ. ವರ್ಷಗಟ್ಟಲೆ ಎಳೆದು ಹಿಡಿದದ್ದನ್ನು ಒಮ್ಮೆಲೇ ಬಿಟ್ಟರೆ ಕುದುರೆ ಓಡುತ್ತದೆ. ಹೃದಯದ ಕಾಯಿಲೆ ಇರುವವರಲ್ಲಿ ಇದರಿಂದ ಹೃದಯಾಘಾತವೂ ಆದದ್ದಿದೆ. ಈ ಜಾತಿಯ ಮಾತ್ರೆಯನ್ನು ಬಿಡುವುದೇ ಆದರೂ ವೈದ್ಯರೇ ಪ್ರಮಾಣ ಇಳಿಸುತ್ತಾ ಬಿಡಿಸಬೇಕು. ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆಗಳಿಗೂ ಇದೇ ಮಾತು.

ಇದನ್ನು ಹೇಳುತ್ತಿರುವವನು ಅಲೋಪಥಿಯವನಲ್ಲ ಅನ್ನುವುದೂ ಗೊತ್ತಿರಲಿ. ನಾನು ಐದೂವರೆ ವರ್ಷ ಪ್ರಕೃತಿ ಚಿಕಿತ್ಸೆ ಮತ್ತು ಯೋಗವನ್ನೇ ಓದಿ ಬಂದವನು. ಮಣ್ಣಿನ ಪಟ್ಟಿ, ಕಟಿಸ್ನಾನ, ಉಪವಾಸದಲ್ಲೇ ನನ್ನ ಅನ್ನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೂ ಮಾತ್ರೆ ಬಿಡಿಸುವ ಹುಚ್ಚಿತ್ತು. ನಾನಿದ್ದ ಆಸ್ಪತ್ರೆಗೆ ಹತ್ತು ದಿನಕ್ಕೆಂದು ಬಂದು ಸೇರಿದವರ ಬಿ.ಪಿ. ಐದನೇ ದಿನಕ್ಕೇ ಇಳಿಯುತ್ತಿತ್ತು. ನಾವು ಮಾತ್ರೆ ಅರ್ಧ ಮಾಡುತ್ತಿದ್ದೆವು, ಅವರು ಕೈಮುಗಿದು ಹೋಗುತ್ತಿದ್ದರು. ಎರಡು ತಿಂಗಳ ನಂತರ ಬಂದಾಗ ನೋಡಿದರೆ ಮೊದಲಿನಷ್ಟೇ. ಯಾಕೆ ಅಂತ ಅರ್ಥವಾಗಲು ನನಗೆ ಸ್ವಲ್ಪ ವರ್ಷವೇ ಬೇಕಾಯಿತು. ಅಲ್ಲಿ ಅಡುಗೆಗೆ ಉಪ್ಪೇ ಇರಲಿಲ್ಲ. ಕಾಫಿ ಇಲ್ಲ, ಫೋನ್ ಇಲ್ಲ, ಒಂಬತ್ತಕ್ಕೆ ದೀಪ ಆರುತ್ತಿತ್ತು, ಮನೆಯ ಜಗಳ ನೂರು ಮೈಲಿ ದೂರ. ನಾನು ಹಾಕಿದ ಮಣ್ಣಿಗಿಂತ ಜಾಸ್ತಿ ಕೆಲಸ ಮಾಡಿದ್ದು ಇವೇ. ಮನೆಗೆ ಹೋದ ಮೇಲೆ ಉಪ್ಪಿನಕಾಯಿ ಜಾಡಿ ಅಲ್ಲೇ ಇತ್ತು.

ಉಪ್ಪಿನಕಾಯಿ ಅಂದೆ, ನಿಮ್ಮ ಊರಿನವರ ಹತ್ತಿರ ಈ ಮಾತು ಆಡಲು ಧೈರ್ಯ ಬೇಕು. ಅಪ್ಪೆಮಿಡಿಯನ್ನು ಉಪ್ಪಿನಲ್ಲೇ ಹೂತು ಇಡುವುದು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ ಉಪ್ಪು ಮೀರಬಾರದು ಅನ್ನುತ್ತದೆ, ಒಂದು ಚಿಕ್ಕ ಚಮಚದಷ್ಟು. ಸಾರು, ಪಲ್ಯ, ಮಜ್ಜಿಗೆ ಲೆಕ್ಕ ಹಾಕುವಷ್ಟರಲ್ಲೇ ಅದು ಮುಗಿದಿರುತ್ತದೆ. ಮಿಡಿ ಪೂರ್ತಿ ಬಿಡಿ ಅನ್ನುವುದಿಲ್ಲ. ವಾರಕ್ಕೊಮ್ಮೆ ಅರ್ಧ ಮಿಡಿ, ಹಪ್ಪಳ ಹಬ್ಬಕ್ಕೆ, ಮಜ್ಜಿಗೆಗೆ ಉಪ್ಪು ಬೇಡ. ಒಂದೆಲಗದ ತಂಬುಳಿ ಧಾರಾಳವಾಗಿ ಮಾಡಿಕೊಳ್ಳಿ, ಉಪ್ಪು ಮಾತ್ರ ಕೈ ಹಿಡಿದು ಹಾಕಿ.

ನಮ್ಮ ದೇಶದಲ್ಲಿ ಪ್ರಕೃತಿ ಚಿಕಿತ್ಸೆಗೆ ಗಾಂಧೀಜಿಗಿಂತ ದೊಡ್ಡ ಭಕ್ತರಿರಲಿಲ್ಲ. 1946ರಲ್ಲಿ ಪುಣೆ ಹತ್ತಿರದ ಉರುಳಿಕಾಂಚನದಲ್ಲಿ ಬಡವರಿಗೆಂದು ಪ್ರಕೃತಿ ಚಿಕಿತ್ಸಾ ಆಶ್ರಮವನ್ನೇ ಶುರುಮಾಡಿದರು. 1927ರಲ್ಲಿ ಬಿ.ಪಿ. ಏರಿ ಆರೋಗ್ಯ ಕೆಟ್ಟಾಗ ನಮ್ಮ ನಂದಿ ಬೆಟ್ಟಕ್ಕೆ ಬಂದು ವಾರಗಟ್ಟಲೆ ವಿಶ್ರಾಂತಿ ತೆಗೆದುಕೊಂಡರು. ಅದೇ ಗಾಂಧೀಜಿ 1924ರ ಜನವರಿಯಲ್ಲಿ, ಇನ್ನೂ ಕೈದಿಯಾಗಿದ್ದಾಗ, ಅಪೆಂಡಿಸೈಟಿಸ್ ಆದಾಗ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಬ್ರಿಟಿಷ್ ಸರ್ಜನ್ ಕೈಯಲ್ಲಿ ಆಪರೇಷನ್ ಮಾಡಿಸಿಕೊಂಡರು. ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿಕೊಂಡು ಕಾಯುತ್ತಾ ಕೂರಲಿಲ್ಲ.

ಸಸ್ಯ ಒಳ್ಳೆಯದು, ಮಾತ್ರೆ ವಿಷ ಅನ್ನುವವರಿಗೆ ನಾನು ಸರ್ಪಗಂಧದ ಕತೆ ಹೇಳುತ್ತೇನೆ. ಬಿ.ಪಿ.ಗೆ ಪರಿಣಾಮಕಾರಿ ಮಾತ್ರೆಗಳು ಇನ್ನೂ ಇಲ್ಲದಿದ್ದ ಕಾಲ. ನಮ್ಮಲ್ಲಿ ಹುಚ್ಚಿಗೆ, ಹಾವಿನ ವಿಷಕ್ಕೆ ಕೊಡುತ್ತಿದ್ದ ಈ ಬೇರು ಬಿ.ಪಿ.ಯನ್ನೂ ಇಳಿಸುತ್ತದೆ ಅಂತ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಜಗತ್ತೇ ತಿರುಗಿ ನೋಡಿತು. 1952ರಲ್ಲಿ ಅದರಿಂದ ರಿಸರ್ಪಿನ್ ಅನ್ನುವ ಅಂಶವನ್ನು ಬೇರ್ಪಡಿಸಿ ಮಾತ್ರೆ ಮಾಡಿದರು. ಬಿ.ಪಿ. ಇಳಿಯಿತು, ನಿಜ. ಜೊತೆಗೆ ಕೆಲವರಿಗೆ ಮನಸ್ಸು ಪಾತಾಳಕ್ಕೆ ಇಳಿಯಿತು ಅನ್ನುವ ದೂರುಗಳೂ ಬಂದವು. ಇದಕ್ಕಿಂತ ಹಗುರವಾದ ಮಾತ್ರೆಗಳು ಬಂದ ಮೇಲೆ ಅದು ಮೂಲೆಗೆ ಸರಿಯಿತು. ಬೇರಿನಲ್ಲಿದ್ದ ಶಕ್ತಿಯೂ ನಿಜ, ಅಪಾಯವೂ ನಿಜ. ಕೆಲಸ ಮಾಡುವಷ್ಟು ಬಲ ಇರುವ ಸಸ್ಯಕ್ಕೆ ಕೆಡಿಸುವಷ್ಟೂ ಬಲ ಇರುತ್ತದೆ.

ಈ ಕಾರಣಕ್ಕೇ ನಿಮ್ಮ ಅಶ್ವಗಂಧವನ್ನೂ ಸದ್ಯಕ್ಕೆ ನಿಲ್ಲಿಸಿ ಅನ್ನುತ್ತೇನೆ. ಕೆಲವರಿಗೆ ಅದರಿಂದ ನಿದ್ದೆ ಸುಧಾರಿಸುತ್ತದೆ. ಆದರೆ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ದಾಖಲಾಗಿವೆ, ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು. ನಿಮಗೆ ಸುಸ್ತು, ಡವಡವ ಎರಡೂ ಇವೆ. ಇಂಥ ಹೊತ್ತಲ್ಲಿ ಮೂರು ನಾಲ್ಕು ವಸ್ತು ಒಟ್ಟಿಗೆ ಹೊಟ್ಟೆಗೆ ಹೋಗುತ್ತಿದ್ದರೆ ಯಾವುದು ಏನು ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಕೆಡಿಸಿಕೊಂಡ ಆರು ಜನರ ಬಗ್ಗೆ ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಇನ್ನೊಂದು, ಬೆಳಿಗ್ಗೆ ಸೋರೆಕಾಯಿ ಜ್ಯೂಸ್ ಕುಡಿಯಿರಿ ಅಂತಲೂ ಆ ಕ್ಲಾಸಿನಲ್ಲಿ ಹೇಳಿರಬಹುದು. ಕಹಿ ಬಂದರೆ ಒಂದು ಗುಟುಕೂ ನುಂಗಬಾರದು, ಕಹಿ ಸೋರೆಕಾಯಿ ರಸದಿಂದ ಜನ ಸತ್ತಿದ್ದಾರೆ.

ಕಪಾಲಭಾತಿ ನಿಮಗಲ್ಲ. ಅದನ್ನು ಮಾಡುವ ಹೊತ್ತಿನಲ್ಲಿ ಎದೆಬಡಿತ, ಬಿ.ಪಿ. ಎರಡೂ ಏರುತ್ತವೆ. ಹತೋಟಿಗೆ ಬಾರದ ಬಿ.ಪಿ. ಇರುವವರಿಗೆ ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟಿ ಹಿಡಿಯುವ ಕುಂಭಕ, ಶೀರ್ಷಾಸನ ಇವನ್ನು ಯಾವ ಒಳ್ಳೆಯ ಯೋಗ ಶಿಕ್ಷಕರೂ ಹೇಳಿಕೊಡುವುದಿಲ್ಲ. ಕ್ಲಾಸಿಗೆ ಸೇರುವಾಗ ಬಿ.ಪಿ. ಇದೆಯಾ ಅಂತ ನಿಮ್ಮನ್ನು ಕೇಳಿದ್ದರೇ? ಕೇಳಿರಲಿಕ್ಕಿಲ್ಲ. ಪರದೆಯ ಆಚೆ ಐನೂರು ಜನ ಕೂತಿರುವಾಗ ಯಾರಿಗೆ ಏನಿದೆ ಅಂತ ಯಾರು ನೋಡುತ್ತಾರೆ.

ಹಾಗಾದರೆ ನಿಮಗೆ ಯಾವುದು? ಈ ಉತ್ತರದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

2001ರಲ್ಲಿ ಇಟಲಿಯ ಸಂಶೋಧಕರು 23 ಜನರನ್ನು ಕೂರಿಸಿ ಎರಡು ಕೆಲಸ ಮಾಡಿಸಿದರು. ಒಂದು, ಕ್ರೈಸ್ತರು ಜಪಸರ ಹಿಡಿದು ಲ್ಯಾಟಿನ್‌ನಲ್ಲಿ ಹೇಳುವ ಮೇರಿ ಮಾತೆಯ ಪ್ರಾರ್ಥನೆ. ಇನ್ನೊಂದು, 'ಓಂ ಮಣಿ ಪದ್ಮೇ ಹೂಂ' ಮಂತ್ರ. ಎರಡರಲ್ಲೂ ಉಸಿರಾಟ ತಾನಾಗಿಯೇ ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಸುಮ್ಮನೆ ಕೂತಾಗ ನಮ್ಮ ಉಸಿರು ಅದರ ಎರಡು ಪಟ್ಟಿಗೂ ಜಾಸ್ತಿ. ಯಾರೂ ಅವರಿಗೆ ಎಣಿಸಿ ಉಸಿರಾಡಿ ಅಂದಿರಲಿಲ್ಲ. ಸಾಲಿನ ಉದ್ದವೇ ಹಾಗಿತ್ತು.

ನಿಮಿಷಕ್ಕೆ ಆರು ಅನ್ನುವುದರಲ್ಲಿ ಒಂದು ಗುಟ್ಟಿದೆ. ಕುತ್ತಿಗೆಯ ದೊಡ್ಡ ರಕ್ತನಾಳದಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ಬಿ.ಪಿ. ಏರಿತು ಅಂತ ಅವು ಮಿದುಳಿಗೆ ಸುದ್ದಿ ಮುಟ್ಟಿಸಿದರೆ, ಮಿದುಳು ವೇಗಸ್ ನರದ ಮೂಲಕ ಎದೆಬಡಿತವನ್ನು ತಗ್ಗಿಸುತ್ತದೆ. ಈ ಸುದ್ದಿ ಹೋಗಿ ಬರುವ ಲಯ ಹೆಚ್ಚುಕಮ್ಮಿ ಹತ್ತು ಸೆಕೆಂಡಿನದು. ಉಸಿರೂ ಹತ್ತು ಸೆಕೆಂಡಿಗೆ ಒಂದಾದಾಗ ಎರಡೂ ತಾಳ ಕೂಡುತ್ತವೆ, ಉಯ್ಯಾಲೆ ಹಿಂದೆ ಬಂದಾಗಲೇ ಸರಿಯಾಗಿ ತಳ್ಳಿದ ಹಾಗೆ. ಇಟಲಿಯವರು ಅಳೆದದ್ದು ಇದನ್ನೇ. ನಮ್ಮ ನಿಮ್ಹಾನ್ಸ್‌ನವರು 2011ರಲ್ಲಿ ಪ್ರಕಟಿಸಿದ ಚಿಕ್ಕ ಅಧ್ಯಯನ ಇನ್ನೊಂದು ಕಡೆಯಿಂದ ನೋಡಿತ್ತು. ಕೆಲವರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಒಮ್ಮೆ ಓಂಕಾರ ಹೇಳಿಸಿದರು, ಒಮ್ಮೆ ಅಷ್ಟೇ ಹೊತ್ತು 'ಸ್ಸ್ಸ್' ಅನ್ನಿಸಿದರು. ಓಂಕಾರದಲ್ಲಿ ಮಿದುಳಿನ ಭಾವನೆಯ ಭಾಗಗಳ ಚಟುವಟಿಕೆ ತಗ್ಗಿತು, 'ಸ್ಸ್ಸ್'ನಲ್ಲಿ ತಗ್ಗಲಿಲ್ಲ.

ಅಕ್ಕೋರೇ, ನಿಮ್ಮ ಅಮ್ಮನ ಜೊತೆ ಸಂಜೆ ದೀಪ ಹಚ್ಚಿ ಹೇಳುತ್ತಿದ್ದ ಭಜನೆ ಏನು ಮಾಡುತ್ತಿತ್ತು ಅಂತ ಈಗ ನೋಡಿ. ಒಂದು ಸಾಲು ಹೇಳಿ ಮುಗಿಸುವ ತನಕ ಉಸಿರು ಉದ್ದಕ್ಕೆ ಹೊರಗೆ ಹೋಗುತ್ತದೆ, ಆಮೇಲೆ ಚಿಕ್ಕದಾಗಿ ಒಳಗೆ. ಅರ್ಧ ಗಂಟೆ ಹಾಗೆ. ನಿಧಾನ ಉಸಿರಿನ ಅಭ್ಯಾಸ ನಿಮ್ಮ ಮನೆಯಲ್ಲಿ ಯಾವತ್ತೋ ಇತ್ತು. ಅಮ್ಮನ ಜೊತೆ ಅದೂ ಹೋಯಿತು. ಅದರ ಜಾಗಕ್ಕೆ ಬಂದದ್ದು ಬೆಳಿಗ್ಗೆ ಆರಕ್ಕೆ ಮೊಬೈಲಿನ ಮುಂದೆ ಹೊಟ್ಟೆ ಕುಕ್ಕುವ ಕಪಾಲಭಾತಿ.

ಮತ್ತೆ ಶುರುಮಾಡಿ. ಮೊದಲ ದಿನ ಅಳು ಬರುತ್ತದೆ. ಬರಲಿ. ಬಾಯಿಬಿಟ್ಟು ಹೇಳಲು ಆಗದಿದ್ದರೆ ಒಂದಷ್ಟು ದಿನ ಭ್ರಾಮರಿ ಮಾಡಿ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ತೆಗೆದುಕೊಂಡು, ದುಂಬಿಯ ಹಾಗೆ ಗುಂಯ್‌ಗುಡುತ್ತಾ ನಿಧಾನ ಬಿಡುವುದು. ಅದೂ ಬೇಡ ಅನ್ನಿಸಿದರೆ ಬೆನ್ನು ನೆಟ್ಟಗೆ ಮಾಡಿ ಕೂತು, ಮನಸ್ಸಲ್ಲೇ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ಹತ್ತು ನಿಮಿಷ ಸಾಕು. ಎಲ್ಲೂ ಉಸಿರು ಕಟ್ಟಬೇಡಿ, ತಲೆ ತಿರುಗಿದರೆ ಬಿಟ್ಟು ಮಾಮೂಲಿ ಉಸಿರಾಡಿ. ಬಿ.ಪಿ. ಇದರಿಂದ ಎಷ್ಟು ಇಳಿದೀತು ಅಂತ ಕೇಳಿದರೆ, ದಿನಾ ಮಾಡಿದವರಲ್ಲಿ ನಾಲ್ಕೈದು ಅಂಕಿ. 150 ಇದ್ದದ್ದು 120ಕ್ಕೆ ಬರುವುದಿಲ್ಲ. ಆದರೆ ನಿದ್ದೆಗೂ ಮನಸ್ಸಿಗೂ ಅದು ಕೊಡುವ ಲಾಭವನ್ನು ಬಿ.ಪಿ. ಯಂತ್ರ ತೋರಿಸುವುದಿಲ್ಲ.

ನಿದ್ದೆಗೆ ಪ್ರಕೃತಿ ಚಿಕಿತ್ಸೆಯ ಒಂದು ಸುಲಭದ ಉಪಾಯ ಇದೆ. ಮಲಗುವ ಒಂದು ಗಂಟೆ ಮೊದಲು ಬಕೆಟ್ಟಿನಲ್ಲಿ ಹದ ಬಿಸಿ ನೀರು, 40 ಡಿಗ್ರಿ ಆಸುಪಾಸು, ಮೊಳಕೈ ಅದ್ದಿದರೆ ಹಿತವಾಗಿರಬೇಕು. ಮೀನಖಂಡ ಮುಳುಗುವಷ್ಟಿರಲಿ. ಕಾಲನ್ನು 10-15 ನಿಮಿಷ ಇಟ್ಟು ಒರೆಸಿಕೊಳ್ಳಿ. ಕಾಲಿನ ರಕ್ತನಾಳ ಹಿಗ್ಗಿ ಮೈಯ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಒಳಮೈ ತಣ್ಣಗಾಗುತ್ತಿದೆ ಅನ್ನುವುದೇ ಮಿದುಳಿಗೆ ನಿದ್ದೆಯ ಸೂಚನೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇದನ್ನು ಮಾಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಬರಲಿಲ್ಲವೋ, ಎದ್ದು ಬೇರೆ ಕೋಣೆಗೆ ಹೋಗಿ. ಹಾಸಿಗೆಯಲ್ಲೇ ಹೊರಳಾಡಿದರೆ ಹಾಸಿಗೆ ಅಂದರೇ ಹೊರಳಾಟ ಅಂತ ಮನಸ್ಸಿಗೆ ಅಭ್ಯಾಸವಾಗುತ್ತದೆ. ರಾತ್ರಿ ಎಷ್ಟೊತ್ತಿಗೆ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಒಂದೇ ಇರಲಿ.

ಮೌನ ಶಿಬಿರ. ನೀವು ಹೇಳಿದ ಹತ್ತು ದಿನದ್ದು ವಿಪಶ್ಯನ ಮಾದರಿಯದು ಅಂದುಕೊಳ್ಳುತ್ತೇನೆ. ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಹತ್ತು ಗಂಟೆಯಷ್ಟು ಕೂರಬೇಕು, ಯಾರ ಜೊತೆಗೂ ಮಾತಿಲ್ಲ. ಅದನ್ನು ಭಾರತಕ್ಕೆ ಮತ್ತೆ ತಂದ ಸತ್ಯನಾರಾಯಣ ಗೋಯೆಂಕಾ ಅವರದೇ ಒಂದು ಕತೆ ಇದೆ. ಬರ್ಮಾದಲ್ಲಿ ವ್ಯಾಪಾರಿಯಾಗಿದ್ದಾಗ ಅವರಿಗೆ ವಿಪರೀತ ಅರೆತಲೆನೋವು. ಅದು ವಾಸಿಯಾಗಲಿ ಅಂತ ಧ್ಯಾನ ಗುರು ಊ ಬಾ ಖಿನ್ ಹತ್ತಿರ ಹೋದರೆ, ತಲೆನೋವಿಗೆಂದು ಬರುವುದಾದರೆ ಬರಬೇಡ ಅಂತ ಗುರುಗಳು ವಾಪಸ್ ಕಳಿಸಿದರಂತೆ. ಆ ಗುರುವಿನ ಮಾತನ್ನು ನಾನು ನಿಮಗೂ ದಾಟಿಸುತ್ತೇನೆ. ಬಿ.ಪಿ. ಮಾತ್ರೆ ಬಿಡುವ ಆಸೆಯಿಂದ ಅಲ್ಲಿಗೆ ಹೋಗಬೇಡಿ. ದುಃಖ ಇನ್ನೂ ಹಸಿಯಾಗಿರುವಾಗ ಹತ್ತು ದಿನ ಅದರ ಜೊತೆ ಒಬ್ಬರೇ ಕೂರುವುದು ಎಲ್ಲರಿಗೂ ಒಗ್ಗುವುದಿಲ್ಲ, ಅಂಥ ಶಿಬಿರದಲ್ಲಿ ಮನಸ್ಸು ಇನ್ನಷ್ಟು ಕದಡಿದವರನ್ನು ನಾನು ನೋಡಿದ್ದೇನೆ. ಮುಂದಿನ ವರ್ಷ, ಬಿ.ಪಿ. ಹತೋಟಿಗೆ ಬಂದು ನಿದ್ದೆ ಸರಿಯಾದ ಮೇಲೆ ಹೋಗಿ. ಅರ್ಜಿಯಲ್ಲಿ ಕಾಯಿಲೆ, ಮಾತ್ರೆ ಕೇಳುತ್ತಾರೆ. ಮುಚ್ಚಿಡಬೇಡಿ, ಮಾತ್ರೆ ಚೀಟಿ ಜೊತೆಗಿರಲಿ.

ಯಾವುದರಲ್ಲೂ ಮನಸ್ಸಿಲ್ಲ ಅಂದಿರಿ. ವರ್ಷವಾಗುತ್ತಾ ಬಂದರೂ ಹಾಗೇ ಇದೆ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದಕ್ಕೆ ಭಜನೆ ಸಾಲದು, ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮನೆಯಲ್ಲಿ ಬಿ.ಪಿ. ನೋಡುವ ಕ್ರಮ ಸರಿ ಇಲ್ಲದಿದ್ದರೆ ಇಷ್ಟೂ ಲೆಕ್ಕ ತಪ್ಪುತ್ತದೆ. ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಇಟ್ಟು, ಪಾದ ನೆಲಕ್ಕೆ ಊರಿ, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಟ್ಟು ನೋಡಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ. ಏಳು ದಿನ, ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ಸಂಜೆ. ಶಾಲೆಯಿಂದ ಬಂದು ಚಪ್ಪಲಿ ಬಿಟ್ಟ ಕೂಡಲೇ ನೋಡಿದ್ದು ಲೆಕ್ಕಕ್ಕಿಲ್ಲ. 180/120 ದಾಟಿ ಎದೆನೋವು, ಏದುಸಿರು, ಕಣ್ಣು ಮಂಜು, ಮಾತು ತೊದಲುವುದು ಅಥವಾ ಕೈಕಾಲು ಸೋಲುವುದು ಕಂಡರೆ ಯಾರಿಗೂ ಕಾಗದ ಬರೆಯಬೇಡಿ, 108ಕ್ಕೆ ಫೋನ್ ಮಾಡಿ.

ಜೇಷ್ಠಮಧು ಬಿಟ್ಟ ಮೇಲೆ ಬಿ.ಪಿ. ಇಳಿಯುತ್ತಾ ಬಂದರೆ ಈಗಿನ ಮಾತ್ರೆಯೇ ಸಾಕಾಗಬಹುದು. ಮುಂದೆ ಉಪ್ಪು, ನಡಿಗೆ, ನಿದ್ದೆ ಎಲ್ಲ ಹದಕ್ಕೆ ಬಂದರೆ ಪ್ರಮಾಣ ಕಮ್ಮಿ ಮಾಡುವ ಮಾತನ್ನು ನಿಮ್ಮ ವೈದ್ಯರೇ ಎತ್ತಬಹುದು. ಇಳಿಯದಿದ್ದರೆ ಮಾತ್ರೆ ಬದಲಾಯಿಸುತ್ತಾರೆ. ಆ ಏಳು ದಿನದ ಅಂಕಿ ಮತ್ತು ಪೊಟ್ಯಾಸಿಯಂ ವರದಿಯನ್ನು ಅವರಿಗೆ ತೋರಿಸಿ, ನನಗೂ ಒಂದು ಪ್ರತಿ ಕಳಿಸಿ. ಕಷಾಯ ಪುಡಿ ಮಾಡಿಕೊಡುವವರು ಅದಕ್ಕೆ ಏನೇನು ಹಾಕುತ್ತಾರೆ ಅಂತ ಕೇಳಿ, ಅದನ್ನೂ ಬರೆದು ಕಳಿಸಿ.